ಕೊಡಗು ಮುಚ್ಚಿದೆ ಅನ್ನಬೇಡಿ, ಯಾವ ರಸ್ತೆ ಮುಚ್ಚಿದೆ ಹೇಳಿ

ಮಳೆಗಾಲದಲ್ಲಿ ಕೊಡಗಿನ ಬಾಗಿಲು ಹಾಕುವ ಮತ್ತು ತೆಗೆಯುವ ಅಧಿಕಾರ ಇರುವ ಎಲ್ಲರಿಗೂ, ಜೊತೆಗೆ ರಜೆ ಸಿಕ್ಕ ಕೂಡಲೇ ಕಾರು ಹತ್ತಿ ಇಲ್ಲಿಗೆ ಬರುವ ನಿಮಗೂ,

ನಮಸ್ಕಾರ.

ಹೋದ ವಾರ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಜೂನ್ ಎರಡನೇ ವಾರ ಬರಬೇಕಂತೆ. ತಾಯಿಗೆ ವಯಸ್ಸಾಗಿದೆ, ಒಮ್ಮೆ ಮಡಿಕೇರಿ ಮಳೆ ನೋಡಬೇಕು ಅಂತ ಅವರಿಗೆ ಆಸೆ. ರೂಮು, ಊಟ, ಮೆಟ್ಟಿಲು ಎಷ್ಟಿದೆ, ಬಿಸಿನೀರು ಎಷ್ಟು ಹೊತ್ತು ಬರುತ್ತದೆ ಎಲ್ಲ ವಿಚಾರಿಸಿದರು. ಕೊನೆಗೆ ಸ್ವಲ್ಪ ತಡೆದು ಕೇಳಿದರು, "ಮೇಡಂ, ಆಗ ಕೊಡಗು ಓಪನ್ ಇರುತ್ತಾ?"

ನಗು ಬಂತು. ಕೊಡಗು ಏನು ಅಂಗಡಿಯಾ, ಬೆಳಿಗ್ಗೆ ಶಟರ್ ಎತ್ತಿ ರಾತ್ರಿ ಇಳಿಸೋಕೆ? ಆದರೆ ಅವರದೇನೂ ತಪ್ಪಿಲ್ಲ. 2018ರ ಆಗಸ್ಟ್ ತಿಂಗಳ ಮಳೆ, ಭೂಕುಸಿತ ಆದಮೇಲೆ ಪ್ರತಿ ಮಳೆಗಾಲಕ್ಕೂ ನನಗೆ ಇದೇ ಪ್ರಶ್ನೆ ಬರುತ್ತದೆ. ಉತ್ತರ ಹೇಳೋಕೆ ನನ್ನ ಹತ್ತಿರವೂ ಏನೂ ಇರುವುದಿಲ್ಲ. ಅಂಗಳಕ್ಕೆ ಹೋಗಿ ಆಕಾಶ ನೋಡುತ್ತೇನೆ, ಮಡಿಕೇರಿಯಲ್ಲಿರುವ ತಮ್ಮನಿಗೆ ಫೋನ್ ಮಾಡುತ್ತೇನೆ, ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಏನಾದರೂ ಹಾಕಿದ್ದಾರಾ ಅಂತ ನೋಡುತ್ತೇನೆ, ಆಮೇಲೆ "ಬನ್ನಿ, ಏನೂ ತೊಂದರೆ ಇಲ್ಲ" ಅನ್ನುತ್ತೇನೆ. ಯಾರದೋ ಮನೆಯ ವಯಸ್ಸಾದ ತಾಯಿಯನ್ನು ನಾನು ಅಂದಾಜಿನ ಮೇಲೆ ಈ ಗುಡ್ಡಕ್ಕೆ ಕರೆಯುತ್ತಿದ್ದೇನೆ. ಫೋನ್ ಇಟ್ಟಮೇಲೆ ಅದು ಹೊಳೆದು ಹೊಟ್ಟೆಯಲ್ಲಿ ಒಂಥರಾ ಆಯಿತು. ಅದಕ್ಕೇ ಈ ಪತ್ರ.

ನಮ್ಮದು ಮಡಿಕೇರಿಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇರುವ ಮನೆ. ಒಂದಿಷ್ಟು ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಆರು ರೂಮಿನ ಹೋಂಸ್ಟೇ. ಕಾಫಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಅದೂ ರೇಟು ಇದ್ದರೆ. ಮಕ್ಕಳ ಫೀಸು, ಮಾವನವರ ಔಷಧಿ, ಗ್ಯಾಸು, ಕರೆಂಟು ಎಲ್ಲ ನಡೆಯುವುದು ಹೋಂಸ್ಟೇಯಿಂದ. ಇಲ್ಲಿ ಸಾವಿರಾರು ಮನೆಗಳದು ಇದೇ ಕಥೆ.

ತೋಟದವರು ಮಳೆಯನ್ನು ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಲೆಕ್ಕ ಹಾಕುತ್ತೇವೆ. ಬೆಳಿಗ್ಗೆ ಕಾಫಿಗೆ ಮೊದಲು ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯುವುದು ನಮ್ಮ ಮಾವನವರ ಎಷ್ಟೋ ವರ್ಷದ ಅಭ್ಯಾಸ. 2018ರಲ್ಲಿ ಜೂನ್‌ನಿಂದಲೇ ಮಳೆ ಬಿಡುವು ಕೊಟ್ಟಿರಲಿಲ್ಲ. ಜುಲೈ 9ಕ್ಕೆ ಭೂಮಿ ಬೇರೆ ಸಣ್ಣಗೆ ನಡುಗಿತ್ತು. ಆಗಸ್ಟ್ ಹೊತ್ತಿಗೆ ಮಣ್ಣಿಗೆ ಇನ್ನು ಕುಡಿಯೋಕೆ ಜಾಗ ಇರಲಿಲ್ಲ, ಕಾಲಿಟ್ಟರೆ ಬೆಲ್ಲದ ಪಾಕದ ಹಾಗೆ ಒಳಗೆ ಹೋಗುತ್ತಿತ್ತು. ಆಗಸ್ಟ್ 16ರ ಬೆಳಿಗ್ಗೆ ಮಾಪಕ ತುಂಬಿ ಹೊರಗೆ ಚೆಲ್ಲಿತ್ತು. ಆ ದಿನದ ಸಾಲಿನಲ್ಲಿ ಮಾವನವರು ಅಂಕಿ ಬರೆಯಲಿಲ್ಲ. "ತುಂಬಿ ಹೋಯಿತು" ಅಂತಷ್ಟೇ ಬರೆದರು.

ಆಮೇಲಿನದು ನಿಮಗೆಲ್ಲ ಗೊತ್ತು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ. ಬೆಟ್ಟ ಒಂದೇ ಕಡೆ ಜರಿಯಲಿಲ್ಲ, ಯಾರೋ ಬಾಚಣಿಗೆ ಎಳೆದ ಹಾಗೆ ಸಾಲು ಸಾಲಾಗಿ ಜರಿಯಿತು. ತೋಟಕ್ಕೆ ತೋಟವೇ ಮರಗಳ ಸಮೇತ ಕೆಳಗಿನ ಹೊಳೆಗೆ ಹೋಯಿತು. ಮಡಿಕೇರಿ ಮಂಗಳೂರು ರಸ್ತೆ ಸಂಪಾಜೆ ಕಡೆ ಹಲವು ಕಡೆ ಕಿತ್ತುಹೋಗಿ ವಾರಗಟ್ಟಲೆ ಬಂದ್ ಆಯಿತು. ಸುಳ್ಯಕ್ಕೆ ಹೋಗಬೇಕಾದವರು ಭಾಗಮಂಡಲ, ಕರಿಕೆ ಅಂತ ಸುತ್ತಿಕೊಂಡು ಹೋಗಬೇಕಾಯಿತು. ಆ ದಿನ ನಮ್ಮ ಮನೆಯಲ್ಲಿ ಆರು ಜನ ಅತಿಥಿಗಳಿದ್ದರು. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಯಾವ ದಾರಿ ಇದೆ ಯಾವುದಿಲ್ಲ ಅಂತ ಹೇಳುವವರಿಲ್ಲ. ನಮ್ಮ ಮನೆಯವರು ಬೈಕಿನಲ್ಲಿ ಮುಂದೆ ಮುಂದೆ ಹೋಗಿ ರಸ್ತೆ ನೋಡಿಕೊಂಡು, ಹಿಂದೆ ಇವರ ಎರಡು ಕಾರು ಬಿಡಿಸಿಕೊಂಡು, ಸಿದ್ದಾಪುರದ ಕಡೆಯಿಂದ ದಾಟಿಸಿ ಬಂದರು. ಅವರು ಮನೆಗೆ ವಾಪಸ್ ಬಂದಾಗ ಕತ್ತಲಾಗಿತ್ತು.

ನಮ್ಮ ಮನೆ ಬೀಳಲಿಲ್ಲ. ತೋಟದ ಒಂದು ಮೂಲೆ ಮಾತ್ರ ಜರಿಯಿತು, ಕಾಫಿ ಕಾಯಿ ಅರ್ಧಕ್ಕರ್ಧ ಉದುರಿತು. ಮನೆ ಕಳೆದುಕೊಂಡು ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿದವರ ಮುಂದೆ ನಮ್ಮದು ದುಃಖವೇ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರ ಅವರ ಬಗ್ಗೆ ಅಲ್ಲ, ಅವರದು ಇನ್ನೂ ದೊಡ್ಡ ಪತ್ರ. ಇದು ಮನೆ ನಿಂತುಕೊಂಡು ಒಲೆ ಆರಿದವರ ಬಗ್ಗೆ.

ಪ್ರವಾಸಿಗರು ಸದ್ಯಕ್ಕೆ ಬರಬೇಡಿ, ಹೋಂಸ್ಟೇ, ರೆಸಾರ್ಟಿನವರು ಯಾರನ್ನೂ ಸೇರಿಸಬೇಡಿ ಅಂತ ಆಗ ಆದೇಶ ಬಂತು. ಸರಿಯಾದ ಆದೇಶವೇ. ರಸ್ತೆ ಮೇಲೆ ಸೈನ್ಯದವರು, ಎನ್‌ಡಿಆರ್‌ಎಫ್‌ನವರು ಓಡಾಡುತ್ತಿರುವಾಗ ಸೆಲ್ಫಿ ತೆಗೆಯುವವರ ಕಾರು ಅಡ್ಡ ಬಂದರೆ ಯಾರಿಗೆ ಒಳ್ಳೆಯದು? ಆದರೆ ಒಂದು ವಿಷಯ. ಮುಚ್ಚಿದ್ದು ಎಲ್ಲರಿಗೂ ಕೇಳಿಸಿತು, ತೆರೆದದ್ದು ಯಾರಿಗೂ ಕೇಳಿಸಲಿಲ್ಲ. ಮುಚ್ಚಿದಾಗ ಟಿವಿಯಲ್ಲಿ ದಿನವಿಡೀ ಬಂತು. ಮಡಿಕೇರಿಯಲ್ಲಿ ಒಂದು ಮನೆ ಹಾಗೇ ಕೆಳಗೆ ಜಾರಿ ಬೀಳುವ ವಿಡಿಯೋ ಇತ್ತಲ್ಲ, ಅದನ್ನು ಎಷ್ಟು ಸಲ ತೋರಿಸಿದರೋ ಲೆಕ್ಕವಿಲ್ಲ. ನೋಡಿದವರಿಗೆ ಕೊಡಗಿನ ಮನೆಗಳೆಲ್ಲ ಹಾಗೇ ದಿನಾ ಬೀಳುತ್ತಿವೆ ಅಂತ ಅನ್ನಿಸಿರಬೇಕು. ತೆರೆದಾಗ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ.

ಕೊಡಗು ಅಂದರೆ 4,102 ಚದರ ಕಿಲೋಮೀಟರ್. ಗುಡ್ಡ ಜರಿದದ್ದು ಬಹುಪಾಲು ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಒಂದು ಪಟ್ಟಿಯಲ್ಲಿ. ಗೋಣಿಕೊಪ್ಪ, ಪೊನ್ನಂಪೇಟೆ, ಕುಟ್ಟದ ಕಡೆ ಆ ವರ್ಷ ಮಳೆ ಜೋರಿತ್ತು, ಅಷ್ಟೇ. ಮಕ್ಕಂದೂರಿಗೂ ಕುಟ್ಟಕ್ಕೂ ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಆದರೂ ಕುಟ್ಟದ ಹತ್ತಿರ ಹೋಂಸ್ಟೇ ಇಟ್ಟುಕೊಂಡಿರುವ ನಮ್ಮ ನೆಂಟರಿಗೆ ದಸರಾ ರಜೆಯ ಬುಕಿಂಗ್ ಎಲ್ಲ ಕ್ಯಾನ್ಸಲ್. "ನಮ್ಮಲ್ಲಿ ಏನೂ ಆಗಿಲ್ಲ ಸಾರ್" ಅಂದರೆ ಆ ಕಡೆಯವರು, "ನೀವು ಹಾಗೇ ಹೇಳುತ್ತೀರಿ ಬಿಡಿ, ನಿಮಗೆ ವ್ಯಾಪಾರ ಅಲ್ವಾ" ಅಂದರಂತೆ. ನೋಡಿ, ಇಲ್ಲಿಗೆ ಬಂದು ನಿಲ್ಲುತ್ತದೆ ವಿಷಯ. ನಾವು ಹೇಳಿದರೆ ವ್ಯಾಪಾರ. ಟಿವಿ ಹೇಳಿದರೆ ಭಯ. ನಂಬುವ ಹಾಗೆ ಹೇಳಬೇಕಾದವರು ಅಧಿಕಾರದಲ್ಲಿರುವ ನೀವು, ನೀವು ಹೇಳುವುದು ಎರಡೇ ಮಾತು: ಬರಬೇಡಿ, ಬನ್ನಿ.

ಬರೇ ಬೇರೆಯವರನ್ನು ಬೈದರೆ ಆಗುವುದಿಲ್ಲ, ನಾನೂ ಇದನ್ನೇ ಮಾಡಿದ್ದೇನೆ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮೇಪ್ಪಾಡಿ ಪಂಚಾಯ್ತಿಯ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದಾಗಿ ಒಂದೆರಡು ತಿಂಗಳಿಗೆ ನಮ್ಮ ಚಿಕ್ಕಮ್ಮ ತಿರುನೆಲ್ಲಿಗೆ ಹೋಗಬೇಕು, ಚಿಕ್ಕಪ್ಪನ ಕಾರ್ಯ ಇದೆ ಅಂದರು. ನಾನು ಥಟ್ಟನೆ, "ಅಯ್ಯೋ ಬೇಡ, ವಯನಾಡೇ ಹೋಗಿದೆಯಲ್ಲ" ಅಂದೆ. ತಿರುನೆಲ್ಲಿ ಇರುವುದು ನಮ್ಮ ಕುಟ್ಟ ದಾಟಿ ತೋಲ್ಪೆಟ್ಟಿ ಕಡೆ. ಮೇಪ್ಪಾಡಿ ಅದೇ ಜಿಲ್ಲೆಯ ಇನ್ನೊಂದು ತುದಿ. ಚಿಕ್ಕಮ್ಮ ನನ್ನ ಮುಖ ನೋಡಿ, "ನಿನ್ನ ಮನೆಗೆ ಜನ ಬರದಿದ್ದಾಗ ನೀನು ಎಷ್ಟು ಅತ್ತಿದ್ದೆ ಮಗಳೇ" ಅಂದರು. ಮತ್ತೆ ಅವರೇ ಜೀಪು ಮಾಡಿಕೊಂಡು ಹೋಗಿ ಬಂದರು. ಅಲ್ಲಿ ಹೋಟೆಲಿನವನು ಇವರನ್ನು ನೋಡಿ ಊಟದ ದುಡ್ಡು ತೆಗೆದುಕೊಳ್ಳೋಕೇ ಹಿಂದೆ ಮುಂದೆ ನೋಡಿದನಂತೆ, ಅಷ್ಟು ದಿನದ ಮೇಲೆ ಕರ್ನಾಟಕದ ಗಾಡಿ ಬಂದಿದ್ದು ಅಂತ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಬೇಜಾರಾಗಬಹುದು, ಆದರೂ ಓದಿ.

ವಿಪತ್ತು ಪರಿಹಾರಕ್ಕೆ ಕೇಂದ್ರದ ನಿಯಮಾವಳಿ ಒಂದಿದೆ. 2018ರಲ್ಲಿ ಇದ್ದ ಪಟ್ಟಿಯ ಪ್ರಕಾರ ಗುಡ್ಡಗಾಡಿನಲ್ಲಿ ಮನೆ ಪೂರ್ತಿ ಬಿದ್ದರೆ 1,01,900 ರೂಪಾಯಿ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಕೈಕಸುಬಿನವರ ಸಲಕರಣೆ ಹಾಳಾದರೆ 4,100 ರೂಪಾಯಿ. ಹಸು, ಎಮ್ಮೆ, ಕೋಳಿ, ದೋಣಿ, ಬಲೆ ಎಲ್ಲದಕ್ಕೂ ಒಂದೊಂದು ಸಾಲಿದೆ. ಮೊತ್ತ ಕಡಿಮೆ ಅಂತ ಜಗಳ ಮಾಡಬಹುದು, ಆದರೆ ಸಾಲಂತೂ ಇದೆ. ನಮ್ಮ ಅಡುಗೆಗೆ ಬರುತ್ತಿದ್ದ ಹೆಂಗಸಿಗೆ ಯಾವ ಸಾಲು? ಅವಳಿಗೆ ತೋಟ ಇಲ್ಲ, ಬೇರೆಯವರ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವವಳು. ಅವಳ ಗೋಡೆ ಬೀಳಲಿಲ್ಲ, ಅವಳ ಹಸು ಸಾಯಲಿಲ್ಲ, ಯಾಕೆಂದರೆ ಹಸುವೇ ಇಲ್ಲ. ಅವಳ ಆಸ್ತಿ ಅಂದರೆ ಕಡಂಬುಟ್ಟು, ನೂಲ್‌ಪುಟ್ಟು ಅನ್ನುವ ಅಕ್ಕಿ ತಿಂಡಿಗಳನ್ನು ಮಾಡುವ ಕೈ. ನಾಲ್ಕು ತಿಂಗಳು ಆ ಕೈಗೆ ಕೆಲಸ ಇರಲಿಲ್ಲ.

ಹುಡುಕಿದರೆ ಆಗಿನ ಆ ಪಟ್ಟಿಯಲ್ಲಿ ಒಂದು ಸಾಲು ಸಿಗುತ್ತಿತ್ತು. ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಮನೆಯವರಿಗೆ ದಿನಕ್ಕೆ ದೊಡ್ಡವರಿಗೆ 60 ರೂಪಾಯಿ, ಮಕ್ಕಳಿಗೆ 45 ರೂಪಾಯಿ ಕೊಡಬಹುದು ಅಂತ. ಅದನ್ನು ಹಿಡಿದುಕೊಂಡು ನಾನು ಅವಳ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಟೀ ಕೊಟ್ಟರು. "ಇವರು ಏನು ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ದಾಖಲೆ?" ಅಂದರು. ದಾಖಲೆ ಎಲ್ಲಿಂದ ಬರಬೇಕು? ನಾನು ಅವಳಿಗೆ ಸಂಬಳ ಕೊಡುತ್ತಿದ್ದದ್ದು ಕೈಗೆ. ಮಾಂದಲಪಟ್ಟಿಗೆ ಜೀಪು ಓಡಿಸುವ ಹುಡುಗರು, ರಾಜಾಸೀಟ್ ಹತ್ತಿರ ಜೋಳ ಸುಡುವವರು, ಅಬ್ಬಿ ಜಲಪಾತದ ದಾರಿಯಲ್ಲಿ ಮಸಾಲೆ ಪೊಟ್ಟಣ ಮಾರುವವರು, ದುಬಾರೆಯಲ್ಲಿ ರ‍್ಯಾಫ್ಟಿಂಗ್‌ಗೆ ಹುಟ್ಟು ಹಾಕುವವರು, ರೆಸಾರ್ಟಿನ ಬೆಡ್‌ಶೀಟ್ ಒಗೆಯುವ ಹೆಂಗಸರು, ಯಾರಿಗೂ ಒಂದು ಚೀಟಿ ಇಲ್ಲ. ಚೀಟಿ ಇಲ್ಲದವರಿಗೆ ನಷ್ಟವೂ ಇಲ್ಲ ಅಂತ ಲೆಕ್ಕ ಆಯಿತು. ಅವಳ ಗಂಡ ಆ ಸಲ ಕೇರಳದ ಕಡೆ ಕಟ್ಟಡ ಕೆಲಸಕ್ಕೆ ಹೋದ. ಅಲ್ಲೂ ಅದೇ ಆಗಸ್ಟ್‌ನಲ್ಲಿ ಪ್ರವಾಹ ಬಂದು ಹೋಗಿತ್ತು, ಮನೆ ರಿಪೇರಿ ಕೆಲಸ ಬೇಕಾದಷ್ಟಿತ್ತು. ಯಾರದೋ ಕಷ್ಟ ಇನ್ಯಾರಿಗೋ ಕೂಲಿ ಆಯಿತು.

ನಮ್ಮಂಥವರದು ಬೇರೆ ತಮಾಷೆ. ಮನೆಗೆ ಇನ್ಶೂರೆನ್ಸ್ ಇತ್ತು. ಮಳೆ, ಪ್ರವಾಹ, ಭೂಕುಸಿತ ಎಲ್ಲ ಸೇರಿಸಿದ ಪಾಲಿಸಿ. ಕೇಳಿದೆವು. ಕಟ್ಟಡಕ್ಕೆ ಪೆಟ್ಟಾಗಿದ್ದರೆ ಕೊಡುತ್ತೇವೆ, ಗಿರಾಕಿ ಬರಲಿಲ್ಲ ಅನ್ನುವುದಕ್ಕೆ ಕೊಡುವುದಿಲ್ಲ ಅಂದರು. ಪಾಲಿಸಿಯಲ್ಲಿ ಹಾಗೇ ಬರೆದಿತ್ತು, ಓದದೆ ಸಹಿ ಹಾಕಿದ್ದು ನಾವು. ಇನ್ನು ಬ್ಯಾಂಕು. ಪ್ರಕೃತಿ ವಿಕೋಪ ಆದ ಜಾಗದಲ್ಲಿ ಕಂತು ಮುಂದಕ್ಕೆ ಹಾಕೋಕೆ, ಸಾಲ ಮರುಹೊಂದಿಸೋಕೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳೇ ಇವೆ. ಆದರೆ ನಾವು ರೂಮು ಕಟ್ಟಿಸಿದ್ದು ಮನೆಸಾಲದಲ್ಲಿ. ತೋಟದ ಸಾಲವಾಗಿದ್ದರೆ ನೋಡಬಹುದಿತ್ತು, ಇದು ಮನೆಸಾಲ, ನಿಮ್ಮ ಮನೆ ಚೆನ್ನಾಗೇ ಇದೆಯಲ್ಲ ಅಂದರು ಮ್ಯಾನೇಜರು. ಎದ್ದು ಬಂದೆವು. ಕರಿಮೆಣಸನ್ನು ಇನ್ನೂ ಸ್ವಲ್ಪ ದಿನ ಇಟ್ಟಿದ್ದರೆ ಒಳ್ಳೆ ರೇಟು ಸಿಗುತ್ತಿತ್ತೋ ಏನೋ, ಕಂತಿಗೋಸ್ಕರ ಸಿಕ್ಕ ರೇಟಿಗೆ ಕೊಟ್ಟೆವು.

2019ರ ಜನವರಿಯಲ್ಲಿ ಮಡಿಕೇರಿಯಲ್ಲಿ ಪ್ರವಾಸಿ ಉತ್ಸವ ಆಯಿತು. ರಾಜಾಸೀಟ್‌ನಲ್ಲಿ ಫಲಪುಷ್ಪ ಪ್ರದರ್ಶನ, ಹಾಡು, ಕುಣಿತ, ತಿಂಡಿ ಮಳಿಗೆ. ಕೆಲವರು ಆಗ ಬೈದರು, ಜನ ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ, ನಿಮಗೆ ಉತ್ಸವ ಬೇಕಾ ಅಂತ. ನಾನು ಬೈಯುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಐದು ತಿಂಗಳ ಮೇಲೆ ಮಡಿಕೇರಿ ಪೇಟೆಯಲ್ಲಿ ಟ್ರಾಫಿಕ್ ಜಾಮ್ ನೋಡಿ ಕಣ್ಣಲ್ಲಿ ನೀರು ಬಂತು. ಯಾರಾದರೂ ಟ್ರಾಫಿಕ್ ಜಾಮ್ ನೋಡಿ ಖುಷಿಪಟ್ಟಿದ್ದು ಕೇಳಿದ್ದೀರಾ? ಆದರೆ ಆ ಜನ ಸಂಜೆ ಬಂದು ರಾತ್ರಿ ಪೇಟೆಯಲ್ಲೇ ಉಳಿದು ಹೋದರು. ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ ಬರೋಕೆ ಅವರಿಗೆ ಧೈರ್ಯ ಇರಲಿಲ್ಲ. ಒಳಗಿನ ರಸ್ತೆ ಸರಿಯಾಗಿದೆ ಅಂತ ಅವರಿಗೆ ಹೇಳಿದವರು ಯಾರು? ಹೂವಿನಲ್ಲಿ ಆನೆ ಮಾಡಿದ್ದರು, ಚೆನ್ನಾಗೇ ಇತ್ತು. ಅದರ ಪಕ್ಕ ಒಂದು ದೊಡ್ಡ ನಕ್ಷೆ ಹಾಕಿ, ಈ ರಸ್ತೆ ಹಸಿರು, ಇದು ಕೆಂಪು, ಇಲ್ಲಿ ರಾತ್ರಿ ಹೋಗಬೇಡಿ ಅಂತ ತೋರಿಸಿದ್ದರೆ ನನ್ನ ಎರಡು ರೂಮಾದರೂ ತುಂಬುತ್ತಿತ್ತು.

ಇದು ನಾನು ತಲೆಯಿಂದ ಹುಟ್ಟಿಸಿದ ಐಡಿಯಾ ಅಲ್ಲ. ನೇಪಾಳದಲ್ಲಿ 2015ರ ಏಪ್ರಿಲ್ 25ಕ್ಕೆ ಭೂಕಂಪ ಆಯಿತಲ್ಲ, ಆಗ ಚಾರಣಕ್ಕೆ ಹೋಗುವವರೆಲ್ಲ ನೇಪಾಳವೇ ಮುಗಿಯಿತು ಅಂದುಕೊಂಡರು. ಲಾಂಗ್‌ಟಾಂಗ್ ಕಣಿವೆ ನಿಜವಾಗಿಯೂ ಮಣ್ಣುಪಾಲಾಗಿತ್ತು. ಆದರೆ ಅಲ್ಲಿಯವರು ಎಂಜಿನಿಯರುಗಳನ್ನು ಅನ್ನಪೂರ್ಣದ ಕಡೆಗೂ ಎವರೆಸ್ಟ್ ಕಡೆಗೂ ಕಳಿಸಿ, ದಾರಿಯುದ್ದಕ್ಕೂ ನಡೆಸಿ, ಯಾವ ಸೇತುವೆ ಗಟ್ಟಿ, ಯಾವ ಲಾಡ್ಜ್ ಬಿರುಕು ಬಿಟ್ಟಿದೆ ಅಂತ ನೋಡಿಸಿ ಆ ವರದಿಯನ್ನು ಎಲ್ಲರಿಗೂ ಸಿಗುವ ಹಾಗೆ ಹೊರಗೆ ಹಾಕಿದರು. ಅನ್ನಪೂರ್ಣದ ಕಡೆ ಹಾನಿ ತೀರಾ ಕಡಿಮೆ ಅಂತ ಅದರಲ್ಲಿತ್ತು. ಅದನ್ನು ಓದಿದ ಕೂಡಲೇ ಜನ ನುಗ್ಗಿ ಬಂದರು ಅಂತ ಹೇಳುತ್ತಿಲ್ಲ. ಆದರೆ ಫೋನಿನಲ್ಲಿ "ಓಪನ್ ಇದೆಯಾ" ಅಂತ ಕೇಳಿದವರಿಗೆ ತೋರಿಸೋಕೆ ಅಲ್ಲಿನ ಲಾಡ್ಜಿನವರ ಕೈಯಲ್ಲಿ ಒಂದು ಕಾಗದ ಇತ್ತು. ನನ್ನ ಕೈಯಲ್ಲಿ ಮಾವನವರ ಡೈರಿ ಇದೆ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ ಏಳು ಗಂಟೆಗೆ, ಸಂಜೆ ಐದಕ್ಕೆ ಒಂದೊಂದು ಸಲ, ಊರು ಮತ್ತು ರಸ್ತೆಯ ಹೆಸರು ಹಿಡಿದು ಹೇಳಿ. ಸಂಪಾಜೆ ರಸ್ತೆ ಹೇಗಿದೆ, ಮಾದಾಪುರ ರಸ್ತೆ ಹೇಗಿದೆ, ಭಾಗಮಂಡಲದಲ್ಲಿ ನೀರು ರಸ್ತೆಗೆ ಬಂದಿದೆಯಾ, ಕರಡಿಗೋಡು ಕಡೆ ಹೊಳೆ ಎಷ್ಟಿದೆ. ಈ ಮಾಹಿತಿ ನಿಮ್ಮ ಹತ್ತಿರ ಇಲ್ಲದೇ ಇಲ್ಲ. ಪಂಚಾಯ್ತಿಯವರಿಗೆ ಗೊತ್ತು, ಲೈನ್‌ಮ್ಯಾನ್‌ಗೆ ಗೊತ್ತು, ಹಾಲಿನ ಗಾಡಿಯವನಿಗೆ ಎಲ್ಲರಿಗಿಂತ ಮೊದಲು ಗೊತ್ತು. ಅದನ್ನು ಒಂದು ಕಡೆ ಸೇರಿಸಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಮಲಯಾಳದಲ್ಲೂ ಹಾಕಿ. ಕೆಂಪು ಇರುವ ಕಡೆ ಕೆಂಪು ಅಂತಲೇ ಹಾಕಿ. ನನ್ನ ಊರಿನ ರಸ್ತೆ ಕೆಂಪಾದರೆ ನಾನು ಬಂದು ಜಗಳ ಮಾಡುವುದಿಲ್ಲ, ಬುಕಿಂಗ್ ನಾನೇ ವಾಪಸ್ ಕೊಡುತ್ತೇನೆ. ಕೆಂಪನ್ನು ನೀವು ಸರಿಯಾಗಿ ತೋರಿಸಿದರೆ ತಾನೇ ನಿಮ್ಮ ಹಸಿರನ್ನು ಜನ ನಂಬುವುದು?

ವಾಪಸ್ ಅಂದಾಗ ನೆನಪಾಯಿತು. ಆ ವರ್ಷ ಒಂದು ಬುಕಿಂಗ್ ಆ್ಯಪ್‌ನವರು ಅತಿಥಿಗಳಿಗೆ ಪೂರ್ತಿ ದುಡ್ಡು ವಾಪಸ್ ಕೊಟ್ಟರು, ಒಳ್ಳೆಯದೇ. ಆಮೇಲೆ ನಮ್ಮ ಕಮಿಷನ್ ಮಾತ್ರ ಹಿಡಿದುಕೊಂಡರು! ಎಷ್ಟು ಮೇಲ್ ಬರೆದರೂ ಒಂದೇ ಉತ್ತರ ಬರುತ್ತಿತ್ತು, ಅದೂ ಯಂತ್ರ ಬರೆದ ಹಾಗೆ. ಈಗ ನಾನು ಪೂರ್ತಿ ರದ್ದು ಮಾಡಬೇಡಿ, ತಾರೀಕು ಬದಲಾಯಿಸಿ ಅನ್ನುತ್ತೇನೆ. ಆಗಸ್ಟ್‌ನಲ್ಲಿ ಆಗದಿದ್ದರೆ ನವೆಂಬರ್‌ಗೆ ಬನ್ನಿ, ಅದೇ ರೇಟು. ಹತ್ತರಲ್ಲಿ ಆರು ಜನ ಒಪ್ಪುತ್ತಾರೆ. ಉಳಿದ ನಾಲ್ಕು ಜನರಿಗೆ ದುಡ್ಡು ಕೊಟ್ಟು ಕೈಮುಗಿಯುತ್ತೇನೆ.

ಪ್ರವಾಸಿಗರಾದ ನಿಮಗೂ ಎರಡು ಮಾತು. 2018ರಲ್ಲಿ ನೀವು ಕಳಿಸಿದ ಅಕ್ಕಿ, ಹೊದಿಕೆ, ನೀರಿನ ಬಾಟಲಿ ಲಾರಿ ಲಾರಿ ಬಂತು. ಋಣ ಮರೆಯುವವರಲ್ಲ ನಾವು. ಹಳೇ ಬಟ್ಟೆ ಮಾತ್ರ ದಯವಿಟ್ಟು ಕಳಿಸಬೇಡಿ, ಹರಿದ ಸೀರೆಯ ರಾಶಿ ನೋಡಿ ಪರಿಹಾರ ಕೇಂದ್ರದಲ್ಲಿದ್ದ ಒಬ್ಬ ಅಜ್ಜಿ, "ನಾವು ತೋಟ ಕಳಕೊಂಡಿದ್ದೇವೆ, ಮಾನ ಕಳಕೊಂಡಿಲ್ಲ" ಅಂದರು. ಆಮೇಲೆ ಅಕ್ಟೋಬರ್‌ನಲ್ಲಿ ಕೆಲವರು ಬಂದರು. ಖುಷಿಯಾಯಿತು. ಅವರು ಕೇಳಿದ್ದು, "ಆ ಗುಡ್ಡ ಬಿದ್ದ ಜಾಗ ತೋರಿಸ್ತೀರಾ?" ನಮ್ಮ ಜೀಪಿನ ಹುಡುಗನ ಸೋದರಮಾವನ ಮನೆ ಆ ಜಾಗದಲ್ಲಿತ್ತು. ಅವನು ಕರೆದುಕೊಂಡು ಹೋದ, ಏಕೆಂದರೆ ಎರಡು ತಿಂಗಳಿಂದ ಜೀಪು ನಿಂತಿತ್ತು. ಜರಿದ ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಮುಂದೆ ನಿಂತು ಅವರ ಫೋಟೋ ತೆಗೆದುಕೊಟ್ಟದ್ದೂ ಅವನೇ. ಬಾಡಿಗೆ ತಂದು ನನ್ನ ಮುಂದೆ ಇಟ್ಟು, "ಆಂಟಿ, ಇದು ಬೇಡಿತ್ತು" ಅಂದ. ಇದಕ್ಕೆ ಏನು ಹೇಳಬೇಕೋ ನನಗೆ ಈಗಲೂ ಗೊತ್ತಿಲ್ಲ.

ಸಹಾಯ ಮಾಡಬೇಕು ಅಂತ ನಿಜವಾಗಿ ಅನ್ನಿಸಿದರೆ ಆರು ತಿಂಗಳ ಮೇಲೆ ಬನ್ನಿ. ಎಲ್ಲ ಕ್ಯಾಮೆರಾ ಹೋದ ಮೇಲೆ ಬನ್ನಿ. ಎರಡು ದಿನದ ಬದಲು ಮೂರು ದಿನ ಇರಿ, ಊಟ ಮನೆಯಲ್ಲೇ ಮಾಡಿ, ಜೇನು, ಕಾಚಂಪುಳಿ ಅನ್ನುವ ನಮ್ಮ ಹುಳಿರಸ, ಕಾಫಿಪುಡಿ ಮಾಡಿದವರ ಕೈಯಿಂದಲೇ ತೆಗೆದುಕೊಳ್ಳಿ, ಜೀಪಿನ ಬಾಡಿಗೆಗೆ ಚೌಕಾಶಿ ಮಾಡಬೇಡಿ. ಬರೋಕೆ ಆಗದಿದ್ದರೆ ಕರಿಮೆಣಸು ಪಾರ್ಸೆಲ್ ತರಿಸಿಕೊಳ್ಳಿ.

ಈಗ ನನ್ನ ಜಾತಿಯವರಿಗೆ, ಅಂದರೆ ಹೋಂಸ್ಟೇಯವರಿಗೆ. ಇದನ್ನು ಬರೆದರೆ ನೆರೆಯವರು ಮಾತು ಬಿಡಬಹುದು. ಬಿಡಲಿ.

ನಮ್ಮ ಮನೆಯ ಆರು ರೂಮಿನಲ್ಲಿ ಕೊನೆಯ ಎರಡನ್ನು ಕಟ್ಟಿಸಿದ್ದು 2016ರಲ್ಲಿ. ಮನೆ ಹಿಂದಿನ ಬರೆಯನ್ನು ಜೇಸಿಬಿ ತರಿಸಿ ನೇರಕ್ಕೆ ಕಡಿಸಿ, ಸಮ ಮಾಡಿಸಿ ಕಟ್ಟಿದ್ದು. ಮೂರೇ ದಿನದ ಕೆಲಸ. ಮಾವನವರು ಆಗಲೇ, "ಅಲ್ಲೊಂದು ನೀರಿನ ಒರತೆ ಇತ್ತು, ನೋಡ್ಕೊಳ್ಳಿ" ಅಂದಿದ್ದರು. ನಾವು ಪೈಪ್ ಹಾಕಿದ್ದೇವೆ ಬಿಡಿ ಅಂದೆವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು 2018ರ ನಂತರ ಬಂದು ನೋಡಿದಾಗ, ಅತಿಯಾದ ಮಳೆಯ ಜೊತೆಗೆ ರಸ್ತೆಗೂ ಕಟ್ಟಡಕ್ಕೂ ಇಳಿಜಾರು ಕಡಿದದ್ದನ್ನೂ ಬೊಟ್ಟು ಮಾಡಿದರು. ಜುಲೈನ ಆ ಸಣ್ಣ ಕಂಪನದ ಮೇಲೆ ಎಲ್ಲ ಹಾಕಿ ಕೈ ತೊಳೆದುಕೊಳ್ಳೋಣ ಅಂತಿದ್ದವರಿಗೆ ಅದು ಸಿಟ್ಟು ತರಿಸಿತು. ನನಗೆ ಸಿಟ್ಟು ಬರಲಿಲ್ಲ. ನಾನು ಹಿಂದಿನ ಬಾಗಿಲು ತೆರೆದು ನಮ್ಮ ಬರೆಯನ್ನು ನೋಡಿದೆ. ಅದು ಬೀಳಲಿಲ್ಲ ಅನ್ನುವುದು ನಮ್ಮ ಪುಣ್ಯ, ನಮ್ಮ ಬುದ್ಧಿವಂತಿಕೆ ಅಲ್ಲ.

ಅದಾದಮೇಲೂ ಗುಡ್ಡ ಸುಮ್ಮನಿರಲಿಲ್ಲ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಹತ್ತಿರದ ತೋರದಲ್ಲಿ ಜರಿಯಿತು, ನೆಲ್ಲಿಹುದಿಕೇರಿ, ಕರಡಿಗೋಡಿನಲ್ಲಿ ಕಾವೇರಿ ಮನೆಯೊಳಗೆ ಬಂದಳು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಅರ್ಚಕರ ಮನೆ ಹೋಯಿತು. ಆ ವರ್ಷ ಕೊರೊನಾ ಬೇರೆ. ಮೂರು ಮಳೆಗಾಲ ಹೀಗೆ ಹೋದ ಮೇಲೆ "ಚೇತರಿಕೆ" ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಒಂದು ಪ್ರಶ್ನೆ ಬರುತ್ತದೆ, ಯಾವುದಕ್ಕೆ ವಾಪಸ್ ಹೋಗುವುದು? 2018ರ ಮೊದಲಿನ ಉದ್ದ ರಜೆಗಳಿಗಾ? ಮಾಂದಲಪಟ್ಟಿ ದಾರಿಯಲ್ಲಿ ಜೀಪಿನ ಹಿಂದೆ ಜೀಪು, ಅಬ್ಬಿ ದಾರಿಯಲ್ಲಿ ಪ್ಲಾಸ್ಟಿಕ್ಕು, ಇನ್ನೂ ನಾಲ್ಕು ರೂಮಿಗಾಗಿ ಇನ್ನೊಂದು ಬರೆ. ಅಲ್ಲಿಗೆ ಹೋಗಿ ಸೇರುವುದು ಚೇತರಿಕೆಯಾದರೆ ನನಗೆ ಅದು ಬೇಡ.

ಅದಕ್ಕೇ ನೋಂದಣಿ ಆಗಲಿ ಅಂತ ನಾನೇ ಕೇಳುತ್ತಿದ್ದೇನೆ. ಎಲ್ಲರದೂ ಆಗಲಿ, ಗುಟ್ಟಾಗಿ ನಡೆಸುವವರದೂ. ತೆರಿಗೆಗೆ ಹೆದರಿ ನಾವೆಲ್ಲ ಅಡಗಿಕೊಂಡಿದ್ದೆವು, ನಿಜ. ಆದರೆ ಆ ಆಗಸ್ಟ್ 16ಕ್ಕೆ ಯಾವ ಹೋಂಸ್ಟೇಯಲ್ಲಿ ಎಷ್ಟು ಜನ ಇದ್ದಾರೆ ಅಂತ ಈ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯ ಆರು ಜನ ಸತ್ತಿದ್ದರೂ ಹುಡುಕಬೇಕು ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. 2013ರ ಕೇದಾರನಾಥ ಆದಮೇಲೆ ಉತ್ತರಾಖಂಡದಲ್ಲಿ ಯಾತ್ರಿಗಳ ಹೆಸರು ಬರೆಸಿಕೊಂಡೇ ಮೇಲೆ ಬಿಡುವ ಪದ್ಧತಿ ಮಾಡಿದರು. ನಮಗೆ ಅಷ್ಟು ದೊಡ್ಡದು ಬೇಡ. ಮಳೆಗಾಲದಲ್ಲಿ ರಾತ್ರಿ ಎಂಟಕ್ಕೆ ನಮ್ಮಲ್ಲಿ ಇಷ್ಟು ಜನ ಅಂತ ಒಂದು ಮೆಸೇಜ್ ಹಾಕುವ ನಂಬರ್ ಕೊಡಿ. ಹಾಗೇ ನಮ್ಮಲ್ಲಿ ಕೆಲಸ ಮಾಡುವವರ ಹೆಸರನ್ನೂ ಆ ನೋಂದಣಿಯಲ್ಲಿ ಬರೆಸಿಕೊಳ್ಳಿ, ಅಡುಗೆಯವಳು, ಬಟ್ಟೆ ಒಗೆಯುವವಳು, ಜೀಪಿನವನು. ಮುಂದಿನ ಸಲ ದಾಖಲೆ ಎಲ್ಲಿ ಅಂತ ಕೇಳಿದಾಗ ಆ ಪಟ್ಟಿಯೇ ದಾಖಲೆ ಆಗಲಿ. ನಾನು ಈಗ ಸಂಬಳವನ್ನು ಬ್ಯಾಂಕಿಗೇ ಹಾಕುತ್ತಿದ್ದೇನೆ. ಅವಳಿಗೆ ಮೊದಲು ಇಷ್ಟ ಇರಲಿಲ್ಲ, ಗಂಡನಿಗೆ ಗೊತ್ತಾಗುತ್ತದೆ ಅಂತ. ಈಗ ಪಾಸ್‌ಬುಕ್ ತಾನೇ ಇಟ್ಟುಕೊಂಡಿದ್ದಾಳೆ.

ಬೆಂಗಳೂರಿನವರಿಗೆ ಮತ್ತೆ ನಾನೇ ಫೋನ್ ಮಾಡಿದೆ. ಕೊಡಗು ಓಪನ್ ಇರುತ್ತದೆ ಅಂತ ಹೇಳಲಿಲ್ಲ. ನೀವು ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ, ಕುಶಾಲನಗರದಿಂದ ನಮ್ಮ ಗೇಟಿನವರೆಗೆ ಪ್ರತಿ ತಿರುವನ್ನೂ ವಿಚಾರಿಸಿ ಹೇಳುತ್ತೇನೆ, ಒಂದು ಕಡೆ ಅನುಮಾನ ಬಂದರೂ ನವೆಂಬರ್‌ಗೆ ಬನ್ನಿ ಅಂದೆ. ಆಯಿತು ಅಂದರು. ತಾಯಿಗೆ ಮುಂದಿನ ರೂಮು ಕೊಡುತ್ತೇನೆ, ಅಲ್ಲಿಂದ ಅಂಗಳದ ಮಳೆ ಚೆನ್ನಾಗಿ ಕಾಣುತ್ತದೆ. ಹಿಂದಿನ ಎರಡು ರೂಮಿಗೆ ಮೇ 31ಕ್ಕೆ ಬೀಗ ಹಾಕುತ್ತೇನೆ, ಮತ್ತೆ ತೆಗೆಯುವುದು ಅಕ್ಟೋಬರ್‌ನಲ್ಲಿ.

ಇಂತಿ,
ಮಡಿಕೇರಿ ಹತ್ತಿರದ ಒಬ್ಬ ಹೋಂಸ್ಟೇಯವಳು